ಸೀಸ, ಪಾದರಸ ಮತ್ತು ನಮ್ಮ ಆಟಿಸಂ ಮಕ್ಕಳು

(ಆಟಿಸಂ ಇರುವ ಮಕ್ಕಳ ತಂದೆತಾಯಂದಿರ ಸಭೆಯಲ್ಲಿ ಮಕ್ಕಳ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)

ಹೋದ ವರ್ಷ ಒಬ್ಬ ತಾಯಿ ನನ್ನ ಹತ್ತಿರ ಒಂದು ದಪ್ಪ ಫೈಲು ತಂದರು. ಮಗನಿಗೆ ಐದು ವರ್ಷ. ಆಟಿಸಂ ಅಂತ ಮೂರನೇ ವರ್ಷದಲ್ಲೇ ಗೊತ್ತಾಗಿತ್ತು. ಮಾತು ಬಂದಿರಲಿಲ್ಲ. ಫೈಲಿನಲ್ಲಿ ಮೊದಲು ಇದ್ದದ್ದು ಮಗುವಿನ ಕೂದಲು ಪರೀಕ್ಷೆಯ ರಿಪೋರ್ಟು. ಸೀಸ, ಪಾದರಸ, ಅಲ್ಯೂಮಿನಿಯಂ, ಆರ್ಸೆನಿಕ್ ಅಂತ ಸಾಲಾಗಿ ಬರೆದು, ಒಂದೊಂದರ ಮುಂದೆಯೂ ಕೆಂಪು ಪಟ್ಟಿ ಎಳೆದಿದ್ದರು. ಅದರ ಹಿಂದೆ ಇನ್ನೊಂದು ಕಾಗದ. ಈ ಮಗುವಿನ ರಕ್ತದಲ್ಲಿ ಮಿದುಳಿನ ವಿರುದ್ಧ ಪ್ರತಿಕಾಯಗಳಿವೆ ಅಂತ ಅದರಲ್ಲಿತ್ತು. ಪ್ರತಿಕಾಯ ಅಂದರೆ ರೋಗಾಣುವನ್ನು ಹಿಡಿಯಲು ಮೈಯೇ ಮಾಡಿಕೊಳ್ಳುವ ಪ್ರೋಟೀನು. ಮೂರನೆಯದು ಬೆಲೆಪಟ್ಟಿ. ಮೈಯಿಂದ ಲೋಹ ತೆಗೆಯುವ ಚಿಕಿತ್ಸೆ, ಇಪ್ಪತ್ತು ಸಲ ಡ್ರಿಪ್ಪು, ಒಟ್ಟು ಇಷ್ಟು ದುಡ್ಡು. ಅದಕ್ಕಾಗಿ ಸರ ಅಡ ಇಡೋದಕ್ಕೂ ಆಕೆ ತಯಾರಾಗಿ ಬಂದಿದ್ದರು.

ಈ ಚಿಕಿತ್ಸೆ ಮಾಡಿಸಲಾ ಬೇಡವಾ ಅಂತ ಕೇಳುತ್ತಾರೆ ಅಂದುಕೊಂಡೆ. ಆದರೆ ಅವರು ಕೇಳಿದ್ದೇ ಬೇರೆ. "ಡಾಕ್ಟ್ರೇ, ಇವನು ಹೊಟ್ಟೇಲಿದ್ದಾಗ ನಾನು ಏನೋ ತಿಂದಿದ್ದಕ್ಕೇ ಹೀಗಾಯ್ತಾ?"

ಇಲ್ಲಿ ಕೂತಿರುವ ತಾಯಂದಿರಲ್ಲಿ ಎಷ್ಟೋ ಜನ ರಾತ್ರಿ ನಿದ್ದೆ ಬಾರದೆ ಇದೇ ಪ್ರಶ್ನೆ ಕೇಳಿಕೊಂಡಿದ್ದೀರಿ. ನನಗೆ ಗೊತ್ತು. ಇವತ್ತು ನಾನು ಹೇಳೋದೆಲ್ಲ ಆ ತಾಯಿಗೆ ಕೊಟ್ಟ ಉತ್ತರವೇ. ಅವತ್ತು ಹೊರಗೆ ಇನ್ನೂ ಮಕ್ಕಳು ಕಾಯುತ್ತಿದ್ದರು. ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದ್ದೆ. ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಸೀಸದ ಮಾತು. ಭಾರಲೋಹ ಅಂದಾಗ ನಾಲ್ಕೈದು ಹೆಸರು ಬರುತ್ತವೆ. ಆದರೆ ನಮ್ಮ ಮಕ್ಕಳ ಮೈಗೆ ದಿನನಿತ್ಯ ಸೇರುವುದರಲ್ಲಿ ಸೀಸವೇ ಮುಂದೆ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಎಂಬ ಸಂಸ್ಥೆ 2020ರಲ್ಲಿ ಒಂದು ವರದಿ ಕೊಟ್ಟವು. ಜಗತ್ತಿನ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ, ಅಂದರೆ ಸುಮಾರು 80 ಕೋಟಿ ಮಕ್ಕಳಿಗೆ, ಒಂದು ಡೆಸಿಲೀಟರ್, ಅಂದರೆ ನೂರು ಮಿಲಿಲೀಟರ್, ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸೀಸ ಇದೆ ಅಂತ ಅದು ಹೇಳಿತು. ಅದರಲ್ಲಿ 27 ಕೋಟಿಗೂ ಜಾಸ್ತಿ ಮಕ್ಕಳು ನಮ್ಮ ದೇಶದವರು. ಅಮೆರಿಕದಲ್ಲಿ 2021ರಿಂದ 3.5 ಮೈಕ್ರೋಗ್ರಾಂ ದಾಟಿದರೇ ಎಚ್ಚರಿಕೆ ಕೊಡುತ್ತಾರೆ. ಇಷ್ಟರವರೆಗೆ ಇದ್ದರೆ ತೊಂದರೆ ಇಲ್ಲ ಅನ್ನುವಂಥ ಮಟ್ಟವೇ ಸೀಸಕ್ಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ವಿಷಯ ನಮ್ಮ ದೇಶದಲ್ಲಿ ಎದ್ದು ಬಂದದ್ದು ಬೆಂಗಳೂರಿನಿಂದ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್‌ನವರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರ ಜೊತೆ ಸೇರಿ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. ಆಗ ಪೆಟ್ರೋಲಿನಲ್ಲೇ ಸೀಸ ಬೆರೆಸುತ್ತಿದ್ದರು. ರಸ್ತೆಯ ಧೂಳಲ್ಲಿ ಸೀಸ, ಕಿಟಕಿಯ ಸರಳಿನ ಮೇಲೆ ಸೀಸ. 2000ನೇ ಇಸವಿಯಲ್ಲಿ ದೇಶದ ಉದ್ದಗಲಕ್ಕೂ ಸೀಸ ಇಲ್ಲದ ಪೆಟ್ರೋಲು ಬಂತು. ವೆಂಕಟೇಶ್ ಅವರಂಥವರು ಹಟ ಹಿಡಿದು ಕೂತದ್ದಕ್ಕೆ ಆದ ಕೆಲಸ ಇದು. ನಮ್ಮ ಮಕ್ಕಳು ಅವರಿಗೆ ಋಣಿ. ಮನೆಗೆ ಬಳಿಯುವ ಪೇಂಟಿಗೆ ಮಿತಿ ಬಂದದ್ದು ಅದಕ್ಕೂ ತುಂಬ ಆಮೇಲೆ. 2016ರಲ್ಲಿ ನಿಯಮ ಮಾಡಿ, 2017ರ ನವೆಂಬರಿನಿಂದ ಜಾರಿಗೆ ತಂದರು. ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕಿಂತ ಜಾಸ್ತಿ ಸೀಸ ಇರಬಾರದು. ಅದಕ್ಕಿಂತ ಮುಂಚೆ ಬಳಿದ ಬಾಗಿಲು, ಕಿಟಕಿ, ಗೇಟು ನಮ್ಮ ಮನೆಗಳಲ್ಲಿ ಇನ್ನೂ ಹಾಗೇ ಇವೆ, ಅಲ್ವಾ?

ಸೀಸ ಮೈಯೊಳಗೆ ಹೋಗಿ ಏನು ಮಾಡುತ್ತದೆ? ಅದು ಸುಣ್ಣದ ಅಂಶದ ವೇಷ ಹಾಕುತ್ತದೆ. ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ಹೋಗುತ್ತದೆ, ಅದು ಕೂರುವ ಜಾಗದಲ್ಲೇ ಕೂರುತ್ತದೆ. ರಕ್ತದಲ್ಲಿರುವ ಸೀಸ ತಿಂಗಳೊಂದರಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೂಳೆ ಸೇರಿದ್ದು ಇಪ್ಪತ್ತು ಮೂವತ್ತು ವರ್ಷ ಅಲ್ಲೇ ಉಳಿಯುತ್ತದೆ. ಹೆಣ್ಣುಮಗಳು ಬಸುರಿಯಾದಾಗ ಮಗುವಿನ ಮೂಳೆಗೆ ಸುಣ್ಣ ಬೇಕು. ಊಟದಲ್ಲಿ ಸಾಲದಿದ್ದರೆ ತಾಯಿಯ ಮೂಳೆ ಕರಗಿ ಮಗುವಿಗೆ ಹೋಗುತ್ತದೆ. ಅವಳು ಏಳು ವರ್ಷದವಳಾಗಿದ್ದಾಗ ರಸ್ತೆಬದಿಯ ಧೂಳಿನಲ್ಲಿ ಆಡಿ ಸೇರಿಸಿಕೊಂಡ ಸೀಸವೂ ಆಗ ಜೊತೆಗೇ ಹೊರಡುತ್ತದೆ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಆ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಹೊಟ್ಟೆಯಲ್ಲಿದ್ದ ಮಗುವಿಗೆ ಸೀಸ ಹೋಗಿದ್ದರೂ ಅದು ಆಕೆ ಬಾಯಿ ಚಪಲಕ್ಕೆ ತಿಂದದ್ದರಿಂದ ಹೋದದ್ದಲ್ಲ. ಆಕೆ ಹುಟ್ಟಿ ಬೆಳೆದ ಬೀದಿ, ಆ ಕಾಲದ ಪೆಟ್ರೋಲು, ಬಾಡಿಗೆ ಮನೆಯ ಬಾಗಿಲ ಬಣ್ಣ, ಇದರಲ್ಲಿ ಯಾವುದನ್ನೂ ಆಕೆ ಆರಿಸಿಕೊಂಡಿರಲಿಲ್ಲ.

ಇಲ್ಲಿ ಒಂದು ಉಪಯೋಗದ ಮಾತು. ಮೆಕ್ಸಿಕೋ ನಗರದಲ್ಲಿ ಬಸುರಿಯರಿಗೆ ದಿನಾ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದರು. ಅವರ ರಕ್ತದ ಸೀಸ ಸರಾಸರಿ ಶೇಕಡ 11ರಷ್ಟು ಕಡಿಮೆಯಾಯಿತು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕ್ಯಾಲ್ಸಿಯಂ ಮಾತ್ರೆ ಎಷ್ಟೋ ಮನೆಗಳಲ್ಲಿ ಡಬ್ಬಿಯಲ್ಲೇ ಉಳಿಯುತ್ತದೆ. ದಯವಿಟ್ಟು ನುಂಗಿಸಿ. ನಿಮ್ಮ ಮನೆಯಲ್ಲಿ ಈಗ ಬಸುರಿ ಇದ್ದರೆ ಇವತ್ತೇ ಹೋಗಿ ಹೇಳಿ.

ಈಗ ಎರಡನೇ ಕಾಗದಕ್ಕೆ ಬರೋಣ. ಮಿದುಳಿನ ವಿರುದ್ಧ ಪ್ರತಿಕಾಯ.

ನಮ್ಮ ಮೈಯಲ್ಲಿ ಕಾವಲು ಇದೆ. ಹೊರಗಿನಿಂದ ಬಂದ ರೋಗಾಣುವನ್ನು ಗುರುತು ಹಿಡಿದು ಹೊಡೆಯೋದು ಅದರ ಕೆಲಸ. ಮನೆಯವರು ಯಾರು, ಹೊರಗಿನವರು ಯಾರು ಅಂತ ಆ ಕಾವಲಿಗೆ ಚಿಕ್ಕಂದಿನಲ್ಲೇ ಪಾಠ ಆಗಿರುತ್ತದೆ. ಆ ಪಾಠ ತಪ್ಪಿ ಮನೆಯವರ ಮೇಲೇ ಕೈ ಮಾಡಿದರೆ ಅದನ್ನು ಆಟೋಇಮ್ಯೂನ್ ಕಾಯಿಲೆ ಅನ್ನುತ್ತೇವೆ. ಕೀಲು ಊದುವ ರುಮಟಾಯ್ಡ್ ಸಂಧಿವಾತ, ಮಕ್ಕಳಿಗೆ ಬರುವ ಟೈಪ್ 1 ಸಕ್ಕರೆ ಕಾಯಿಲೆ, ಕೆಲವು ಬಗೆಯ ಥೈರಾಯ್ಡ್, ಇವೆಲ್ಲ ಆ ಜಾತಿಯವು.

ಲೋಹಕ್ಕೂ ಇದಕ್ಕೂ ಏನು ಸಂಬಂಧ? ಸಂಬಂಧ ಇರೋದು ನಿಜ. ಇದನ್ನು ಸುಮ್ನೆ ತಳ್ಳಿಹಾಕುವ ಡಾಕ್ಟರುಗಳಿದ್ದಾರೆ. ನಾನು ಹಾಗೆ ಮಾಡಲಾರೆ. ಪಾದರಸಕ್ಕೆ ಗಂಧಕ ಇರುವ ಪ್ರೋಟೀನುಗಳಿಗೆ ಅಂಟಿಕೊಳ್ಳುವ ಗುಣ ಇದೆ. ಅಂಟಿಕೊಂಡಾಗ ಆ ಪ್ರೋಟೀನಿನ ಆಕಾರ ಬದಲಾಗುತ್ತದೆ. ಮುಖಕ್ಕೆ ಬಣ್ಣ ಬಳಿದುಕೊಂಡು ಬಂದ ಮನೆಮಗನನ್ನು ನಾಯಿ ಬೊಗಳಿ ಅಟ್ಟಿಸಿಕೊಂಡು ಹೋಗುವ ಹಾಗೆ ಕಾವಲು ಅದರ ಮೇಲೆ ಬೀಳುತ್ತದೆ. ಪ್ರಯೋಗಾಲಯದಲ್ಲಿ ಕೆಲವು ತಳಿಯ ಇಲಿಗಳಿಗೆ ಸ್ವಲ್ಪ ಪಾದರಸ ಕೊಟ್ಟರೆ ಸಾಕು, ತಮ್ಮದೇ ಜೀವಕೋಶದ ಪ್ರೋಟೀನಿನ ವಿರುದ್ಧ ಪ್ರತಿಕಾಯ ಮಾಡಿಕೊಳ್ಳುತ್ತವೆ. ಇನ್ನು ಕೆಲವು ತಳಿಗಳಿಗೆ ಅಷ್ಟೇ ಪಾದರಸ ಕೊಟ್ಟರೂ ಏನೂ ಆಗೋದಿಲ್ಲ. ಈ ಎರಡನೇ ಮಾತು ಮುಖ್ಯ. ವಿಷ ಒಂದೇ, ಹುಟ್ಟಿನಿಂದ ಬಂದ ಮೈಗುಣ ಬೇರೆ.

ಇಲಿಯ ಕತೆ ಯಾಕೆ ಅನ್ನುವವರಿಗೆ ಪಕ್ಕದ ಕೇರಳದ ಕತೆ ಇದೆ. ಮಲಪ್ಪುರಂ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ 2021ರಿಂದ 2023ರ ನಡುವೆ ಮೂತ್ರದಲ್ಲಿ ಪ್ರೋಟೀನು ಸೋರಿಹೋಗುವ ಒಂದು ಬಗೆಯ ಕಿಡ್ನಿ ಕಾಯಿಲೆಯವರು ಒಬ್ಬರ ಹಿಂದೆ ಒಬ್ಬರು ಬಂದರು. 22 ಜನರಲ್ಲಿ 15 ಜನಕ್ಕೆ ಇದ್ದದ್ದು ತುಂಬ ಅಪರೂಪದ ಜಾತಿ. ಕಿಡ್ನಿಯ ನೆಲ್-1 ಎಂಬ ಪ್ರೋಟೀನಿಗೆ ಸಂಬಂಧಿಸಿದ್ದು. ವಿಚಾರಿಸಿ ನೋಡಿದರೆ ಆ 15 ಜನರಲ್ಲಿ 13 ಜನ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. ಕ್ರೀಮಿನಲ್ಲಿ ಪಾದರಸ. ಕ್ರೀಮು ಬಿಟ್ಟ ಮೇಲೆ ಹೆಚ್ಚಿನವರು ಸುಧಾರಿಸಿದರು. ಇದೇ ಕಾಯಿಲೆ ಪಾದರಸ ಇರುವ ನಾಟಿ ಔಷಧಿ ತಿಂದವರಲ್ಲೂ ಇರುವುದನ್ನು ವೆಲ್ಲೂರಿನ ವೈದ್ಯರು ಅದಕ್ಕೂ ಮುಂಚೆ ಬರೆದಿದ್ದರು. ಅಂದರೆ ಲೋಹ ಮನುಷ್ಯರ ಕಾವಲನ್ನು ತಪ್ಪುದಾರಿಗೆ ಎಳೆಯುತ್ತದೆ ಅನ್ನೋದು ಊಹೆ ಅಲ್ಲ. ಈ ಊರಿನ ಅಂಗಡಿಗಳಲ್ಲೂ ಹೆಸರು ವಿಳಾಸ ಇಲ್ಲದ ಅಂಥ ಕ್ರೀಮು ಸಿಗುತ್ತದೆ. ಮಗಳ ಮದುವೆ ಹತ್ತಿರ ಬಂತು ಅಂತ ತಂದು ಹಚ್ಚಬೇಡಿ. ಹಚ್ಚಿದ ಕೈಯಲ್ಲೇ ಮಗುವನ್ನು ಎತ್ತಿಕೊಳ್ಳುತ್ತೇವೆ, ಅನ್ನ ಕಲಸುತ್ತೇವೆ.

ಸರಿ, ಕಿಡ್ನಿಯಲ್ಲಿ ಹೀಗಾಗುತ್ತದೆ. ಆಟಿಸಂನಲ್ಲೂ ಹೀಗೇನಾ?

ಆಟಿಸಂಗೂ ಈ ಕಾವಲಿನ ವ್ಯವಸ್ಥೆಗೂ ಏನೋ ನಂಟು ಇದೆ ಅನ್ನುವುದಕ್ಕೆ ಹಲವು ಕಡೆಯಿಂದ ಸುಳಿವು ಬಂದಿದೆ. ಡೆನ್ಮಾರ್ಕಿನಲ್ಲಿ ಪ್ರತಿಯೊಬ್ಬರ ಆಸ್ಪತ್ರೆಯ ದಾಖಲೆಯನ್ನೂ ಸರ್ಕಾರ ಇಟ್ಟಿರುತ್ತದೆ. 1993ರಿಂದ 2004ರವರೆಗೆ ಅಲ್ಲಿ ಹುಟ್ಟಿದ ಸುಮಾರು 6 ಲಕ್ಷ 89 ಸಾವಿರ ಮಕ್ಕಳ ದಾಖಲೆ ನೋಡಿದರು. ತಾಯಿಗೆ ರುಮಟಾಯ್ಡ್ ಸಂಧಿವಾತ ಅಥವಾ ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇದ್ದ ಮನೆಗಳಲ್ಲಿ, ಟೈಪ್ 1 ಸಕ್ಕರೆ ಕಾಯಿಲೆ ಇದ್ದ ಮನೆಗಳಲ್ಲಿ, ಆಟಿಸಂ ಇರುವ ಮಕ್ಕಳು ಸ್ವಲ್ಪ ಜಾಸ್ತಿ ಕಂಡರು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನವರು ತೀರಿಹೋದ ಆಟಿಸಂ ವ್ಯಕ್ತಿಗಳ ಮಿದುಳನ್ನು ಪರೀಕ್ಷಿಸಿ, ಅಲ್ಲಿನ ಕಾವಲು ಕೋಶಗಳು ಕೆರಳಿದ ಸ್ಥಿತಿಯಲ್ಲಿವೆ ಅಂತ 2005ರಲ್ಲಿ ತೋರಿಸಿದರು.

ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸಿದ್ದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಜೂಡಿ ವಾನ್ ಡೆ ವಾಟರ್ ಅವರ ಕೆಲಸ. ಅವರು ಮಕ್ಕಳನ್ನು ಬಿಟ್ಟು ತಾಯಂದಿರ ರಕ್ತ ನೋಡಿದರು. 2008ರಲ್ಲಿ ಪ್ರಕಟವಾದ ಲೆಕ್ಕ ಇದು. ಆಟಿಸಂ ಮಕ್ಕಳ 61 ತಾಯಂದಿರಲ್ಲಿ 7 ಜನರ ರಕ್ತದಲ್ಲಿ, ಗರ್ಭದಲ್ಲಿರುವ ಮಗುವಿನ ಮಿದುಳಿನ ಎರಡು ಪ್ರೋಟೀನುಗಳ ಮೇಲೆ ಕೂರುವ ಪ್ರತಿಕಾಯಗಳು ಒಟ್ಟಿಗೆ ಸಿಕ್ಕವು. ಬೇರೆ ಮಕ್ಕಳ 62 ತಾಯಂದಿರಲ್ಲಿ ಒಬ್ಬರಲ್ಲೂ ಸಿಗಲಿಲ್ಲ. ತಾಯಿಯ ಪ್ರತಿಕಾಯ ಮಾಸುಚೀಲ ದಾಟಿ ಮಗುವಿಗೆ ಹೋಗೋದು ಸಹಜ. ಹುಟ್ಟಿದ ಕೂಸಿಗೆ ಮೊದಲ ತಿಂಗಳುಗಳಲ್ಲಿ ರಕ್ಷಣೆ ಕೊಡೋದೇ ಅದು. ಆದರೆ ಕೆಲವೇ ಕೆಲವರಲ್ಲಿ ಆ ದಾರಿಯಲ್ಲಿ ಇಂಥ ಪ್ರತಿಕಾಯವೂ ಹೋಗಬಹುದು. ಆ ತಾಯಂದಿರ ಪ್ರತಿಕಾಯವನ್ನು ಬಸುರಿ ಕೋತಿಗಳಿಗೆ ಕೊಟ್ಟಾಗ ಮರಿಗಳ ನಡವಳಿಕೆಯಲ್ಲಿ ವ್ಯತ್ಯಾಸ ಕಂಡಿತು. 61ರಲ್ಲಿ 7 ಅನ್ನುವುದನ್ನು ಮಾತ್ರ ನೆನಪಿಡಿ. ಉಳಿದ 54 ತಾಯಂದಿರಲ್ಲಿ ಆ ಜೋಡಿ ಇರಲಿಲ್ಲ. ಆಟಿಸಂ ಅನ್ನೋದು ಒಂದೇ ಬಾಗಿಲಿನಿಂದ ಬರುವಂಥದ್ದಲ್ಲ.

ಇನ್ನು ಲೋಹ, ಪ್ರತಿಕಾಯ ಎರಡನ್ನೂ ಒಂದೇ ಮಗುವಿನಲ್ಲಿ ಅಳೆದವರು ಯಾರು? ಕೈರೋದ ಐನ್ ಶಮ್ಸ್ ಮತ್ತು ರಿಯಾದ್‌ನ ಕಿಂಗ್ ಸೌದ್ ವಿಶ್ವವಿದ್ಯಾಲಯಗಳ ಗೆಹಾನ್ ಮುಸ್ತಫಾ, ಲೈಲಾ ಅಲ್ ಅಯಾಧಿ ಮತ್ತು ಅವರ ಜೊತೆಯವರು. ಆಟಿಸಂ ಇರುವ ಮಕ್ಕಳಲ್ಲಿ ಸೀಸ ಜಾಸ್ತಿ ಇದ್ದವರಿಗೆ ಮಿದುಳಿನ ವಿರುದ್ಧದ ಪ್ರತಿಕಾಯವೂ ಜಾಸ್ತಿ ಇತ್ತು ಅಂತ 2016ರಲ್ಲಿ ಬರೆದರು. ಆ ಮಕ್ಕಳೆಲ್ಲ ಸೀಸದ ಮಾಲಿನ್ಯ ಕಡಿಮೆ ಇದ್ದ ಜಾಗದವರು. ಪಾದರಸದ ಬಗ್ಗೆಯೂ ಅವರ ಕೆಲಸ ಇದೆ. ಆ ತಾಯಿಯ ಫೈಲಿನಲ್ಲಿದ್ದ ಎರಡನೇ ಕಾಗದ ಇಂಥ ಅಧ್ಯಯನಗಳನ್ನೇ ಬೆನ್ನಿಗಿಟ್ಟುಕೊಂಡು ಬಂದದ್ದು.

ಇಲ್ಲಿ ನಿಧಾನಿಸಬೇಕು. ಇಂಥ ಅಧ್ಯಯನಗಳಲ್ಲಿ ಮಕ್ಕಳ ಸಂಖ್ಯೆ ಚಿಕ್ಕದು. ರಕ್ತ ತೆಗೆದದ್ದು ಒಂದೇ ಸಲ. ಅದೂ ಆಟಿಸಂ ಅಂತ ಗೊತ್ತಾಗಿ ವರ್ಷಗಟ್ಟಲೆ ಆದ ಮೇಲೆ. ಒಂದೇ ದಿನ ತೆಗೆದ ಫೋಟೋದಲ್ಲಿ ಮೂರು ಜನ ನಿಂತಿದ್ದರೆ ಮೊದಲು ಬಂದವರು ಯಾರು ಅಂತ ಹೇಳೋಕಾಗುತ್ತಾ? ಸೀಸ ಬಂದು ಪ್ರತಿಕಾಯ ಹುಟ್ಟಿ ಅದರಿಂದ ಆಟಿಸಂ ಬಂದಿರಬಹುದು. ಮಿದುಳಿನ ಕೋಶಕ್ಕೆ ಬೇರೆ ಕಾರಣದಿಂದ ಪೆಟ್ಟಾಗಿ, ಒಳಗಿನ ಪ್ರೋಟೀನು ರಕ್ತಕ್ಕೆ ಸೋರಿ, ಅದಕ್ಕೆ ಪ್ರತಿಕಾಯ ಹುಟ್ಟಿರಬಹುದು. ಆಗ ಪ್ರತಿಕಾಯ ಗಾಯದ ಗುರುತು ಮಾತ್ರ. ಆಟಿಸಂ ಇಲ್ಲದ, ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲೂ ಇಂಥ ಪ್ರತಿಕಾಯ ಸ್ವಲ್ಪ ಮಟ್ಟಿಗೆ ಇರುತ್ತದೆ.

ಮೂರನೇ ಸಾಧ್ಯತೆಯೂ ಇದೆ. ಅದು ನಾನು ದಿನಾ ಕಣ್ಣಾರೆ ನೋಡುವಂಥದ್ದು. ನಿಮ್ಮ ಮಕ್ಕಳನ್ನೇ ನೆನೆಸಿಕೊಳ್ಳಿ. ಕಿಟಕಿ ಸರಳು ನೆಕ್ಕುವ ಮಗು, ಗೋಡೆ ಕೆರೆದು ತಿನ್ನುವ ಮಗು, ಮಣ್ಣು, ಬಳಪ, ಬೀಗದ ಕೈ ಏನು ಸಿಕ್ಕರೂ ಬಾಯಿಗೆ. ಬೇರೆ ಮಕ್ಕಳು ಎರಡನೇ ವರ್ಷಕ್ಕೆ ಬಿಡುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಏಳೆಂಟು ವರ್ಷದವರೆಗೂ ಇರಬಹುದು. ಹಾಗಾದರೆ ಅವರ ರಕ್ತದಲ್ಲಿ ಸೀಸ ಜಾಸ್ತಿ ಇರೋದರಲ್ಲಿ ಆಶ್ಚರ್ಯ ಏನು? ಅಮೆರಿಕದ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಇಬ್ಬರು ವೈದ್ಯರು 1996ರಲ್ಲಿ ಇದನ್ನೇ ಬರೆದರು. ಆಟಿಸಂ ಬಗೆಯ ತೊಂದರೆ ಇದ್ದ ಮಕ್ಕಳಲ್ಲಿ ಸೀಸದ ವಿಷ ಬೇರೆ ಮಕ್ಕಳಿಗಿಂತ ದೊಡ್ಡ ವಯಸ್ಸಿನಲ್ಲಿ ಗೊತ್ತಾಗುತ್ತಿತ್ತು, ತುಂಬ ದಿನ ಉಳಿಯುತ್ತಿತ್ತು. ಮನೆಗೆ ಬಂದು ಪರೀಕ್ಷೆ ಮಾಡಿ ಎಚ್ಚರಿಸಿ ಹೋದ ಮೇಲೂ ಹೆಚ್ಚಿನ ಮಕ್ಕಳಿಗೆ ಮತ್ತೆ ಸೀಸ ಸೇರಿತ್ತು. ಅಂದರೆ ಇಲ್ಲಿ ಆಟಿಸಂ ಮೊದಲು, ಸೀಸ ಆಮೇಲೆ.

ಹಾಗಾದರೆ ಹಿಂದಕ್ಕೆ ಹೋಗಿ, ಮಗು ಹೊಟ್ಟೆಯಲ್ಲಿದ್ದಾಗ ಏನಿತ್ತು ಅಂತ ನೋಡುವ ದಾರಿ ಇದೆಯಾ? ಒಂದು ಚೆಂದದ ದಾರಿ ಇದೆ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಹಾಲು ಹಲ್ಲು. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಬೆಳೆಯುತ್ತದಲ್ಲ, ಹಲ್ಲಿನಲ್ಲೂ ಹಾಗೇ ಪದರ ಪದರವಾಗಿ ಬೆಳವಣಿಗೆ. ಅದು ಶುರುವಾಗುವುದು ತಾಯಿಯ ಹೊಟ್ಟೆಯಲ್ಲೇ. ಮಗು ಹುಟ್ಟಿದ ಗಳಿಗೆಯಲ್ಲಿ ಹಲ್ಲಿನ ಮೇಲೆ ಒಂದು ಗೆರೆ ಬೀಳುತ್ತದೆ. ಆ ಗೆರೆಗಿಂತ ಮುಂಚಿನ ಪದರ ಗರ್ಭದ ಕಾಲದ್ದು, ಆಮೇಲಿನದು ಹುಟ್ಟಿದ ಮೇಲಿನದು. ನಮ್ಮ ಮನೆಗಳಲ್ಲಿ ಬಿದ್ದ ಹಲ್ಲನ್ನು ಸೂರಿನ ಮೇಲೆ ಎಸೆಯುತ್ತಿದ್ದೆವು. ನ್ಯೂಯಾರ್ಕಿನ ಮೌಂಟ್ ಸಿನಾಯ್‌ನ ಮನೀಶ್ ಅರೋರಾ ಅವರು ಸ್ವೀಡನ್ನಿನ ಅವಳಿ ಮಕ್ಕಳ ಹಲ್ಲನ್ನು ಕೂಡಿಸಿ, ಲೇಸರಿನಿಂದ ಪದರ ಪದರವನ್ನೂ ಓದಿದರು. 2017ರಲ್ಲಿ ಅದು ಪ್ರಕಟವಾಯಿತು. ಅವಳಿಗಳಲ್ಲಿ ಒಬ್ಬರಿಗೆ ಆಟಿಸಂ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳೂ ಅದರಲ್ಲಿದ್ದವು. ಒಂದೇ ಹೊಟ್ಟೆ, ಒಂದೇ ಮನೆ. ಆದರೂ ಆಟಿಸಂ ಇದ್ದ ಮಗುವಿನ ಹಲ್ಲಿನಲ್ಲಿ ಸೀಸ ಜಾಸ್ತಿ, ಅದರಲ್ಲೂ ಹುಟ್ಟಿದ ಮೇಲಿನ ತಿಂಗಳುಗಳಲ್ಲಿ. ಮೈಗೆ ಬೇಕಾದ ಮ್ಯಾಂಗನೀಸ್ ಕಡಿಮೆ. ಸತುವಿನ ಅಂಶ ಗರ್ಭದ ಕಾಲದಲ್ಲಿ ಕಡಿಮೆ.

ನಾನು ಇದನ್ನು ಓದಿ ತುಂಬ ಹೊತ್ತು ಯೋಚನೆ ಮಾಡಿದೆ. ತಾಯಿ ಒಂದೇ ಊಟ ಮಾಡಿದ್ದಾಳೆ, ಇಬ್ಬರೂ ಒಂದೇ ಹೊಟ್ಟೆಯಲ್ಲಿದ್ದಾರೆ, ಒಂದು ಮಗು ಸೀಸವನ್ನು ಜಾಸ್ತಿ ಹಿಡಿದಿಟ್ಟುಕೊಂಡಿದೆ. ಲೋಹಗಳನ್ನು ತೆಗೆದುಕೊಳ್ಳುವ, ಹೊರಗೆ ಹಾಕುವ ಲೆಕ್ಕವೇ ಆ ಮಗುವಿನಲ್ಲಿ ಬೇರೆ ಇರುವಂತಿದೆ. ಇಲಿಗಳ ಎರಡು ತಳಿ ನೆನಪಾಯಿತು. ಐದು ದೇಶಗಳ 20 ಲಕ್ಷ ಮಕ್ಕಳ ಮೇಲೆ ನಡೆದ 2019ರ ದೊಡ್ಡ ಅಧ್ಯಯನದಲ್ಲಿ ಆಟಿಸಂನ ಸುಮಾರು ಶೇಕಡ 80 ಭಾಗ ವಂಶವಾಹಿಗಳಿಂದ ಅಂತ ಬಂತು. ವಂಶವಾಹಿ ಹೊಲ ಇದ್ದ ಹಾಗೆ. ಸೀಸದಂಥದ್ದು ಆ ಹೊಲಕ್ಕೆ ಬಿದ್ದ ಒಂದು ಆಲಿಕಲ್ಲಿನ ಪೆಟ್ಟಾಗಿರಬಹುದು. ಇಷ್ಟರ ಮಟ್ಟಿಗೆ ನಾನು ನಂಬುತ್ತೇನೆ. ಇದಕ್ಕಿಂತ ಮುಂದೆ ಹೋಗಿ "ನಿಮ್ಮ ಮಗನ ಆಟಿಸಂಗೆ ಸೀಸವೇ ಕಾರಣ" ಅಂತ ಯಾರಾದರೂ ಹೇಳಿದರೆ ಅವರ ಕೈಯಲ್ಲಿ ಅದಕ್ಕೆ ಪುರಾವೆ ಇಲ್ಲ.

ಲಸಿಕೆಯಿಂದ, ಅದರಲ್ಲಿರುವ ಪಾದರಸದಿಂದ ಆಟಿಸಂ ಬರುತ್ತಾ ಅಂತ ಯಾರೋ ಚೀಟಿ ಕಳಿಸಿದ್ದೀರಿ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಉತ್ತರ ಬಂದು ಎಷ್ಟೋ ವರ್ಷ ಆಗಿದೆ. ಕೆಲವು ಲಸಿಕೆಗಳಲ್ಲಿ ಕೆಡದಂತೆ ಇಡಲು ಥಯೋಮರ್ಸಾಲ್ ಎಂಬ ಪಾದರಸದ ಸಂಯುಕ್ತ ಬಳಸುತ್ತಿದ್ದರು. ಡೆನ್ಮಾರ್ಕಿನಲ್ಲಿ 1992ರಲ್ಲೇ ಅದನ್ನು ನಿಲ್ಲಿಸಿದರು. ಅಮೆರಿಕದಲ್ಲಿ ಪುಟ್ಟ ಮಕ್ಕಳ ಲಸಿಕೆಗಳಿಂದ 2001ರ ಹೊತ್ತಿಗೆ ತೆಗೆದರು. ಎರಡೂ ಕಡೆ ಆಟಿಸಂ ಲೆಕ್ಕ ಕಡಿಮೆ ಆಗಲಿಲ್ಲ, ಏರುತ್ತಲೇ ಹೋಯಿತು. ದಡಾರದ ಎಂಎಂಆರ್ ಲಸಿಕೆಯಲ್ಲಂತೂ ಆ ಪಾದರಸ ಯಾವತ್ತೂ ಇರಲೇ ಇಲ್ಲ. ಎಂಎಂಆರ್‌ಗೂ ಆಟಿಸಂಗೂ ನಂಟು ಹಾಕಿ 1998ರಲ್ಲಿ ಬಂದ ಲೇಖನವನ್ನು ಅದನ್ನು ಅಚ್ಚುಹಾಕಿದ ವೈದ್ಯಕೀಯ ಪತ್ರಿಕೆಯವರೇ 2010ರಲ್ಲಿ ವಾಪಸ್ ತೆಗೆದುಕೊಂಡರು. ಲಸಿಕೆ ಬಿಡಿಸಬೇಡಿ. ದಡಾರ ಮಿದುಳಿಗೇರಿದ ಮಗುವನ್ನು ನಾನು ನೋಡಿದ್ದೇನೆ.

ಈಗ ಮೂರನೇ ಕಾಗದ, ಬೆಲೆಪಟ್ಟಿ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲೋಹ ತೆಗೆಯುವ ಚಿಕಿತ್ಸೆಗೆ ಕೀಲೇಷನ್ ಅನ್ನುತ್ತಾರೆ. ಇದು ನಿಜವಾದ ಔಷಧಿ. ರಕ್ತದ ಸೀಸ 45 ಮೈಕ್ರೋಗ್ರಾಂ ಮುಟ್ಟಿದ ಮಗುವಿಗೆ ಆಸ್ಪತ್ರೆಯಲ್ಲಿ ನಾವೇ ಕೊಡುತ್ತೇವೆ, ಅದರಿಂದ ಜೀವ ಉಳಿಯುತ್ತದೆ. ಆದರೆ ಈ ಔಷಧಿಗೆ ಸೀಸ ಯಾವುದು, ಮೈಗೆ ಬೇಕಾದ ಲೋಹ ಯಾವುದು ಅಂತ ಪೂರ್ತಿ ವ್ಯತ್ಯಾಸ ಗೊತ್ತಾಗೋದಿಲ್ಲ. ಸತು, ತಾಮ್ರ, ಕೆಲವು ಸಲ ಕ್ಯಾಲ್ಸಿಯಂ, ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗನೊಬ್ಬ ಈ ಡ್ರಿಪ್ಪು ಹಾಕುತ್ತಿರುವಾಗಲೇ ತೀರಿಕೊಂಡ. ಒಂದೇ ಥರದ ಹೆಸರಿನ ಎರಡು ಔಷಧಿಗಳಲ್ಲಿ ತಪ್ಪು ಔಷಧಿ ಏರಿಸಿದ್ದರು. ರಕ್ತದ ಕ್ಯಾಲ್ಸಿಯಂ ಪಾತಾಳಕ್ಕಿಳಿದು ಹೃದಯ ನಿಂತಿತು. ಅವನ ತಂದೆತಾಯಿ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನಿಮ್ಮ ಹಾಗೇ ಪ್ರೀತಿಯಿಂದ.

ಸರಿಯಾದ ಔಷಧಿ ಕೊಟ್ಟರೆ? ಅದನ್ನೂ ನೋಡಿದ್ದಾರೆ. ರಕ್ತದಲ್ಲಿ 20ರಿಂದ 44 ಮೈಕ್ರೋಗ್ರಾಂ ಸೀಸ ಇದ್ದ 780 ಅಮೆರಿಕದ ಮಕ್ಕಳಲ್ಲಿ ಅರ್ಧ ಜನಕ್ಕೆ ಸಕ್ಸಿಮರ್ ಎಂಬ ಕೀಲೇಷನ್ ಮಾತ್ರೆ, ಅರ್ಧ ಜನಕ್ಕೆ ಔಷಧಿ ಇಲ್ಲದ ಮಾತ್ರೆ ಕೊಟ್ಟರು. ಫಲಿತಾಂಶ 2001ರಲ್ಲಿ ಬಂತು. ಔಷಧಿ ತಿಂದವರ ರಕ್ತದಲ್ಲಿ ಸೀಸ ಇಳಿಯಿತು. ಬುದ್ಧಿ, ಕಲಿಕೆ, ನಡವಳಿಕೆಯಲ್ಲಿ ಮಾತ್ರ ಇಬ್ಬರಿಗೂ ಏನೂ ವ್ಯತ್ಯಾಸ ಇರಲಿಲ್ಲ. ಸೀಸದಿಂದಲೇ ಆದ ತೊಂದರೆಯೇ ಸೀಸ ತೆಗೆದರೂ ಸರಿಹೋಗಲಿಲ್ಲ. ಇನ್ನು ಆಟಿಸಂ ಹೇಗೆ ಹೋಗುತ್ತದೆ? ಅಮೆರಿಕದ ಸರ್ಕಾರಿ ಸಂಸ್ಥೆ ಆಟಿಸಂ ಮಕ್ಕಳಲ್ಲೇ ಒಂದು ಪ್ರಯೋಗ ಮಾಡಲು ಹೊರಟಿತ್ತು. ಅಷ್ಟರಲ್ಲಿ ಮೈಯಲ್ಲಿ ಸೀಸ ಇಲ್ಲದ ಇಲಿಮರಿಗಳಿಗೆ ಇದೇ ಔಷಧಿ ಕೊಟ್ಟರೆ ಅವುಗಳ ಕಲಿಕೆಗೆ ಶಾಶ್ವತ ಪೆಟ್ಟು ಬೀಳುತ್ತದೆ ಅಂತ ಗೊತ್ತಾಯಿತು. ಪ್ರಯೋಗವನ್ನು ಕೈಬಿಟ್ಟರು. 2010ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಅಂಗಡಿಗಳಲ್ಲಿ ಹಾಗೇ ಮಾರುವ ಕೀಲೇಷನ್ ಸರಕಿನ ವಿರುದ್ಧ ಎಚ್ಚರಿಕೆ ಕೊಟ್ಟಿತು.

ಕೆಂಪು ಪಟ್ಟಿಯ ರಿಪೋರ್ಟು ಹೇಗೆ ಬರುತ್ತದೆ ಅಂತಲೂ ತಿಳಿದುಕೊಳ್ಳಿ. ಕೂದಲಿಗೆ ಹೊರಗಿನ ಧೂಳು, ನೀರು, ಎಣ್ಣೆ, ಶಾಂಪೂ ಎಲ್ಲ ಅಂಟಿರುತ್ತದೆ. ಅದರಿಂದ ಮೈಯೊಳಗಿನ ಲೆಕ್ಕ ಹೇಳೋಕಾಗೋದಿಲ್ಲ. ಇನ್ನೊಂದು ಮೂತ್ರದ ಪರೀಕ್ಷೆ. ಮೊದಲು ಕೀಲೇಷನ್ ಔಷಧಿ ಕೊಟ್ಟು ಆಮೇಲೆ ಮೂತ್ರ ಹಿಡಿಯುತ್ತಾರೆ. ಆ ಔಷಧಿ ಕೊಟ್ಟರೆ ನನ್ನ ಮೂತ್ರದಲ್ಲೂ ಲೋಹ ಬರುತ್ತದೆ, ನಿಮ್ಮದರಲ್ಲೂ ಬರುತ್ತದೆ. ಅದನ್ನು ಔಷಧಿ ತಿನ್ನದವರ ಅಳತೆಗೆ ಹೋಲಿಸಿದರೆ ಎಲ್ಲರ ಪಟ್ಟಿಯೂ ಕೆಂಪೇ. ಸೀಸ ತಿಳಿಯಬೇಕಾದರೆ ಮಗುವಿನ ನರದಿಂದ ರಕ್ತ ತೆಗೆದು ಸೀಸದ ಮಟ್ಟ ಎಷ್ಟು ಅಂತ ನೋಡಬೇಕು. ಅಷ್ಟೇ ಸಾಕು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಾದರೆ ಅದನ್ನು ಮಾಡಿಸಲೇಬೇಕು. ನಮ್ಮಲ್ಲಿ ಆಟಿಸಂ ಅಂತ ಹೇಳುವ ಎಷ್ಟೋ ಡಾಕ್ಟರುಗಳು ಇದೊಂದನ್ನು ಬರೆದುಕೊಡೋದಿಲ್ಲ. ಕೇಳಿ ಬರೆಸಿಕೊಳ್ಳಿ.

ಜಾಸ್ತಿ ಬಂದರೆ ಏನು ಮಾಡೋದು? ಎಲ್ಲಿಂದ ಬರುತ್ತಿದೆ ಅಂತ ಮನೆಯಲ್ಲಿ ಹುಡುಕೋದು. ಸಿಪ್ಪೆ ಏಳುವ ಹಳೇ ಪೇಂಟು ಇದೆಯಾ? ಅದನ್ನು ಒಣಗಿದ್ದಾಗ ಕೆರೆಯಬೇಡಿ, ಧೂಳು ಏಳುತ್ತದೆ. ಒದ್ದೆ ಮಾಡಿ ತೆಗೆಸಿ. ಕೆರೆಯುವಾಗ ಮಗು ಮನೆಯಲ್ಲಿರಬಾರದು. ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು ಒಳ್ಳೆಯದು. ಕಣ್ಣಿಗೆ ಹಚ್ಚುವ ಸುರ್ಮದಲ್ಲಿ ಎಷ್ಟೋ ಸಲ ಸೀಸದ ಅದಿರೇ ಇರುತ್ತದೆ. ಕೆಂಪು ಕುಂಕುಮ, ಸಿಂಧೂರದಲ್ಲಿ ಸೀಸ ಬೆರೆಸೋದು ಉಂಟು. ನಾವು ಚಿಕ್ಕವರಿದ್ದಾಗ ಕಲಾಯಿಯವನು ಬೀದಿಗೆ ಬಂದರೆ ಹಬ್ಬ. ಹಿತ್ತಾಳೆ ಪಾತ್ರೆಗೆ ನವಸಾಗರ ಹಾಕಿ, ತವರ ಸವರಿ, ಫಳಫಳ ಹೊಳೆಸಿಬಿಡುತ್ತಿದ್ದ. ತವರ ಒಳ್ಳೆಯದೇ. ಆದರೆ ತವರ ದುಬಾರಿ, ಸೀಸ ಅಗ್ಗ, ನೋಡೋಕೆ ಎರಡೂ ಒಂದೇ ಥರ. ಸೀಸ ಬೆರೆತ ಕಲಾಯಿಯ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಕುದಿಸಿದರೆ ಹುಳಿಗೆ ಸೀಸ ಬಿಟ್ಟುಕೊಳ್ಳುತ್ತದೆ. ಮಗುವಿನ ಅಡುಗೆಗೆ ಸ್ಟೀಲು ಸಾಕು.

ಅರಿಶಿನದ ಮಾತೂ ಹೇಳಬೇಕು. ಬಾಂಗ್ಲಾದೇಶದಲ್ಲಿ ಅರಿಶಿನದ ಕೊಂಬಿಗೆ ಹೊಳಪು ಬರಲಿ ಅಂತ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುತ್ತಿದ್ದರು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇಕಡ 47ರಲ್ಲಿ ಸಿಕ್ಕಿತು. ಸರ್ಕಾರ, ಸಂಶೋಧಕರು ಸೇರಿ ಬೆನ್ನುಬಿದ್ದರು. 2021ಕ್ಕೆ ಸೊನ್ನೆ. ಎರಡೇ ವರ್ಷ! ಮನಸ್ಸು ಮಾಡಿದರೆ ಆಗುತ್ತದೆ ಅಂತ ನನಗೆ ಧೈರ್ಯ ಕೊಟ್ಟ ಲೆಕ್ಕ ಇದು. ಬಿಡಿಯಾಗಿ ಸಿಗುವ, ಕಣ್ಣು ಕುಕ್ಕುವ ಹಳದಿಯ ಅರಿಶಿನ ಬೇಡ.

ಇನ್ನು ಭಸ್ಮಗಳು. ಬುದ್ಧಿ ಚುರುಕಾಗಲಿ, ಮಾತು ಬರಲಿ ಅಂತ ಮಗುವಿನ ನಾಲಿಗೆಗೆ ತೇಯ್ದು ಹಚ್ಚುವ ಪುಡಿಗಳಲ್ಲಿ ಪಾದರಸ, ಸೀಸ ಇರಬಹುದು. ಬಾಸ್ಟನ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ನಮ್ಮ ಕಡೆಯಿಂದ ಹೋದ 70 ಆಯುರ್ವೇದ ಉತ್ಪನ್ನ ಕೊಂಡು ಪರೀಕ್ಷಿಸಿದಾಗ 14ರಲ್ಲಿ ಭಾರಲೋಹ ಸಿಕ್ಕಿತ್ತು. 2004ರ ಮಾತು. ಅಲ್ಲಿನ ನಮ್ಮವರೂ ಊರಿಂದ ಅಜ್ಜಿ ಕಳಿಸಿದ್ದು ಅಂತ ಕೊಡುತ್ತಾರೆ. ಏನು ಸೇರಿದೆ ಅಂತ ಬರೆಯದ ಪುಡಿಯನ್ನು ಮಗುವಿನ ಬಾಯಿಗೆ ಹಾಕಬೇಡಿ. ಹಾಗೇ ಕಬ್ಬಿಣಾಂಶ ನೋಡಿಸಿ. ರಕ್ತಹೀನತೆ ಇರುವ ಮಗುವಿನ ಕರುಳು ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಎರಡೇ ಬಗೆ ಊಟ ಮಾಡುತ್ತಾರೆ, ಬಿಳಿ ಅನ್ನ ಬಿಟ್ಟರೆ ಬಿಸ್ಕತ್ತು. ಹಾಗಾಗಿ ಅವರಲ್ಲಿ ಕಬ್ಬಿಣ ಕಡಿಮೆ ಇರುವ ಸಾಧ್ಯತೆ ಜಾಸ್ತಿ. ಮಣ್ಣು ತಿನ್ನುವ ಆಸೆಯೂ ಎಷ್ಟೋ ಸಲ ಅದರಿಂದಲೇ. ಸಿರಪ್ಪು ಶುರುಮಾಡಿ ಎರಡು ತಿಂಗಳಿಗೆ ಗೋಡೆ ಕೆರೆಯುವುದನ್ನು ಬಿಟ್ಟ ಮಕ್ಕಳನ್ನು ನೋಡಿದ್ದೇನೆ.

ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಹುಡುಗನ ನರದಿಂದ ರಕ್ತ ತೆಗೆಸಿದೆವು. 14 ಮೈಕ್ರೋಗ್ರಾಂ ಬಂತು. ಕೀಲೇಷನ್ ಬೇಕಾದ ಮಟ್ಟಕ್ಕಿಂತ ತುಂಬ ಕೆಳಗೆ, ಆದರೆ ಬಿಟ್ಟುಬಿಡುವ ಮಟ್ಟವೂ ಅಲ್ಲ. ಕಬ್ಬಿಣ ತೀರಾ ಕಡಿಮೆ ಇತ್ತು. ಮನೆಯಲ್ಲಿ ಬಣ್ಣ ಚೆನ್ನಾಗಿತ್ತು, ಪಾತ್ರೆ ಸ್ಟೀಲಿನವು. ಎರಡು ಸಲ ವಿಚಾರಿಸಿದ ಮೇಲೆ ತಂದೆ ಹೇಳಿದರು, ಅವರದ್ದು ಹಳೇ ಬ್ಯಾಟರಿ ಬಿಚ್ಚಿ ಸೀಸದ ತಟ್ಟೆ ತೆಗೆಯುವ ಕೆಲಸ. ಸಂಜೆ ಮನೆಗೆ ಬಂದ ಕೂಡಲೇ ಮಗ ಓಡಿ ಬಂದು ಅಪ್ಪನ ಅಂಗಿಯ ತೋಳನ್ನು ಬಾಯಲ್ಲಿಟ್ಟುಕೊಳ್ಳುತ್ತಿದ್ದ. ಆ ಹುಡುಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವವನಲ್ಲ. ಅಪ್ಪನ ಹತ್ತಿರ ಮಾತ್ರ ಹಾಗೆ ಬರುತ್ತಿದ್ದ. ಅದನ್ನು ಹೇಳುವಾಗ ಅವರಿಗೆ ಮಾತು ನಿಂತುಹೋಯಿತು. ನನಗೂ ಏನು ಹೇಳಬೇಕು ಅಂತ ತೋಚಲಿಲ್ಲ.

ಈಗ ಅವರು ಕೆಲಸದ ಜಾಗದಲ್ಲೇ ಸ್ನಾನ ಮಾಡಿ ಬೇರೆ ಅಂಗಿ ಹಾಕಿಕೊಂಡು ಬರುತ್ತಾರೆ. ಕೆಲಸದ ಬಟ್ಟೆಗೆ ಬೇರೆ ಬಕೆಟ್ಟು. ಸರ ಅಡ ಇಡಲಿಲ್ಲ. ಆ ದುಡ್ಡಿನ ಸ್ವಲ್ಪ ಭಾಗದಲ್ಲಿ ಮಾತಿನ ತರಬೇತಿಗೆ ಹೋಗುತ್ತಿದ್ದಾರೆ. ಆರು ತಿಂಗಳಿಗೆ ಸೀಸ 8ಕ್ಕೆ ಇಳಿದಿದೆ. ಹುಡುಗನ ಆಟಿಸಂ ಹಾಗೇ ಇದೆ, ಅದು ಹೋಗುತ್ತದೆ ಅಂತ ನಾನು ಅವರಿಗೆ ಹೇಳಿಯೂ ಇರಲಿಲ್ಲ. ಚಿತ್ರ ತೋರಿಸಿ ನೀರು ಕೇಳೋದನ್ನು ಕಲಿತಿದ್ದಾನೆ. ಸಂಜೆ ಅಪ್ಪನ ಅಂಗಿ ತೋಳು ಹಿಡಿಯೋದನ್ನೂ ಬಿಟ್ಟಿಲ್ಲ. ಒಗೆದ ಅಂಗಿ. ಮುಂದಿನ ಬುಧವಾರ ಅವನ ರಕ್ತ ಮತ್ತೆ ತೆಗೆಯಬೇಕು.